ಬೋನ್ಸಾಯ್ ಕುಂಡಕ್ಕೆ ಹಗುರ ಹರಳು: ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 8 ಸೆಂ.ಮೀ. ಆಳದ ಒಂದು ಬೋನ್ಸಾಯ್ ಟ್ರೇ ಇದೆ ಅಂದುಕೊಳ್ಳಿ. ಒಳಗೆ ಸುಮಾರು 9 ಲೀಟರ್ ಜಾಗ. ಕೆಂಪು ಮಣ್ಣು, ಮರಳು ಸೇರಿಸಿ ತುಂಬಿ ನೀರು ಹಾಕಿದರೆ ಮಣ್ಣೊಂದೇ ಹತ್ತಿರ ಹತ್ತಿರ 16 ಕೆ.ಜಿ. ತೂಗುತ್ತದೆ. ಅದೇ ಟ್ರೇಗೆ ಮಣ್ಣಿನ ಬದಲು ಪ್ಯೂಮಿಸ್ ಎಂಬ ಹಗುರ ತೂತುಕಲ್ಲಿನ ಹರಳು ತುಂಬಿ ನೀರು ಹಾಕಿ ಬಸಿದರೆ 8–9 ಕೆ.ಜಿ. ಅಷ್ಟೇ. ಕುಂಡದ ತೂಕ, ಮರದ ತೂಕ ಬೇರೆ.

ತಾರಸಿಯಲ್ಲಿ ಬೋನ್ಸಾಯ್ ಇಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಕಟ್ಟಡ ಎಷ್ಟು ಹೊರೆಗೆ ಕಟ್ಟಬೇಕೆಂದು ಹೇಳುವ ನಮ್ಮ ದೇಶದ ಐಎಸ್ 875 ಮಾನಕದಲ್ಲಿ, ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರೆ ಎಂದು ಲೆಕ್ಕ ಹಿಡಿಯುತ್ತಾರೆ. ಮೇಲೆ ಹೇಳಿದಂಥ ಆರು ಮಣ್ಣಿನ ಟ್ರೇಗಳನ್ನು ಒಂದು ಚದರ ಮೀಟರಿನಲ್ಲಿ ಒತ್ತೊತ್ತಾಗಿ ಜೋಡಿಸಿದರೆ, ಕುಂಡ–ಮರ ಸೇರಿ ಆ ಲೆಕ್ಕದ ಹತ್ತಿರಕ್ಕೇ ಬಂದುಬಿಡುತ್ತೇವೆ. ಹಳೆ ಕಟ್ಟಡವಾದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಸಾಲುಸಾಲು ಕುಂಡ ಇಡಬೇಡಿ.

ಆದರೆ ಹಗುರ ಅನ್ನುವುದೊಂದನ್ನೇ ಹಿಡಿದು ಹೊರಟರೆ ಅಂಗಡಿಯಲ್ಲಿ ದಾರಿ ತಪ್ಪುತ್ತೇವೆ. ಹರಳು ಹಗುರ ಇರುವುದು ಅದರ ಒಳಗೆ ತೂತುಗಳಿರುವುದರಿಂದ. ಆ ತೂತುಗಳಲ್ಲಿ ನೀರು ನಿಲ್ಲುತ್ತದೆ. ಹರಳು ಹರಳಿನ ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಬೇರಿಗೆ ಎರಡೂ ಬೇಕು. ಈ ಎರಡೂ ಕೆಲಸವನ್ನು ವರ್ಷಗಟ್ಟಲೆ ಪುಡಿಯಾಗದೆ ಮಾಡುವ ಹರಳೇ ಒಳ್ಳೆಯ ಹರಳು.

ಮೊದಲು ಗಾತ್ರ, ಆಮೇಲೆ ಹೆಸರು

ಬಹಳ ಜನ ಮೊದಲು ಕೇಳುವುದು "ಪ್ಯೂಮಿಸ್ ಒಳ್ಳೆಯದಾ, ಪರ್ಲೈಟ್ ಒಳ್ಳೆಯದಾ?" ಎಂದು. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು "ಹರಳು ಎಷ್ಟು ದಪ್ಪ?" ಎಂದು.

ಒಂದು ಟ್ರೇಗೆ ಚೆನ್ನಾಗಿ ನೀರು ಹಾಕಿ. ತಳದಿಂದ ಹನಿ ಬೀಳುವುದು ನಿಲ್ಲಲಿ. ಈಗ ಟ್ರೇಯ ಒಂದು ಬದಿಯನ್ನು ಮೇಲೆತ್ತಿ ಓರೆ ಮಾಡಿ. ಮತ್ತೆ ನೀರು ಸುರಿಯುತ್ತದೆ! ಬಸಿದು ಮುಗಿಯಿತು ಅಂದುಕೊಂಡಾಗಲೂ ತಳದಲ್ಲಿ ಒಂದು ಪದರ ನೀರು ಹಿಡಿದುಕೊಂಡೇ ಇತ್ತು ಎಂದು ಇದರರ್ಥ. ಹರಳು ಸಣ್ಣದಾದಷ್ಟೂ ಈ ಪದರ ದಪ್ಪ. ಕುಂಡ ಆಳವಿರಲಿ, ತೆಳುವಿರಲಿ, ಹರಳು ಒಂದೇ ಆದರೆ ಪದರದ ದಪ್ಪವೂ ಅಷ್ಟೇ. ಅಡಿ ಆಳದ ಕುಂಡದಲ್ಲಿ ತಳದ 4 ಸೆಂ.ಮೀ. ಒದ್ದೆ ಇದ್ದರೆ ತೊಂದರೆ ಇಲ್ಲ. 6 ಸೆಂ.ಮೀ. ಆಳದ ಟ್ರೇಯಲ್ಲಿ 4 ಸೆಂ.ಮೀ. ಒದ್ದೆ ಇದ್ದರೆ ಬೇರು ಎಲ್ಲಿ ಉಸಿರಾಡಬೇಕು? ನರ್ಸರಿ ಕುಂಡದಲ್ಲಿ ಚೆನ್ನಾಗಿದ್ದ ಗಿಡ ಅದೇ ಮಣ್ಣಿನ ಸಮೇತ ಟ್ರೇಗೆ ಬಂದಮೇಲೆ ಕೊಳೆಯುವುದು ಇದರಿಂದಲೇ.

ತಳಕ್ಕೆ ಜಲ್ಲಿ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಇದೆ. ಬಸಿಯುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲಕ್ಕೆ ಬಂದು ಕೂರುತ್ತದೆ, ಬೇರಿಗೆ ಇದ್ದ ಜಾಗವೂ ಹೋಗುತ್ತದೆ. ಜೊತೆಗೆ ಜಲ್ಲಿಯ ಭಾರ. ತಳದಿಂದ ಮೇಲಿನವರೆಗೆ ಒಂದೇ ಹರಳು ಸಾಕು.

ಹಾಗಾಗಿ ಎರಡು ಜರಡಿ ಇಟ್ಟುಕೊಳ್ಳಿ. ಒಂದರ ಕಣ್ಣು 2 ಮಿ.ಮೀ., ಇನ್ನೊಂದರದ್ದು 6 ಮಿ.ಮೀ. ದೊಡ್ಡ ಜರಡಿಯಲ್ಲಿ ಇಳಿದು, ಸಣ್ಣ ಜರಡಿಯ ಮೇಲೆ ಉಳಿಯುವುದೇ ನಮಗೆ ಬೇಕಾದ ಮಾಲು. ಅಂದರೆ ಸಾಸಿವೆಗಿಂತ ದಪ್ಪ, ಕಡಲೆಕಾಳಿಗಿಂತ ಸಣ್ಣ. ಅಂಗೈಯಗಲದ ಪುಟ್ಟ ಕುಂಡಕ್ಕೆ 2–4 ಮಿ.ಮೀ. ಸಾಕು. ಎರಡಡಿ ಎತ್ತರದ ಆಲಕ್ಕೆ 4–8 ಮಿ.ಮೀ. ಹಾಕಬಹುದು. ಎರಡು ತರದ ಹರಳು ಬೆರೆಸುವುದಾದರೆ ಎರಡರ ಗಾತ್ರವೂ ಹೆಚ್ಚುಕಡಿಮೆ ಒಂದೇ ಇರಲಿ. ದಪ್ಪದ ಸಂದಿಯಲ್ಲಿ ಸಣ್ಣದು ಹೋಗಿ ಕೂತರೆ ಗಾಳಿಯ ಜಾಗವೇ ಮುಚ್ಚಿಹೋಗುತ್ತದೆ. ಕಾಂಕ್ರೀಟ್ ಹಾಕುವವರಿಗೆ ಬೇಕಾದದ್ದು ಅದು, ನಮಗಲ್ಲ.

ಅಂಗಡಿಯಲ್ಲಿ ಏನೇನು ಸಿಗುತ್ತದೆ

ಪ್ಯೂಮಿಸ್‌ನಿಂದಲೇ ಶುರು ಮಾಡೋಣ. ಜ್ವಾಲಾಮುಖಿಯ ಲಾವಾದೊಳಗಿನ ಅನಿಲ ನೊರೆಯೆದ್ದು ಗಟ್ಟಿಯಾದ ಕಲ್ಲಿದು. ಬಿಳಿ ಅಥವಾ ತಿಳಿ ಬೂದಿ ಬಣ್ಣ. ಒಣಗಿದ್ದಾಗ ಲೀಟರಿಗೆ ಅರ್ಧ ಕೆ.ಜಿ.ಯಿಂದ 700 ಗ್ರಾಂ ತೂಗುತ್ತದೆ. ನೀರು ಹಿಡಿಯುತ್ತದೆ, ಬೇಗ ಪುಡಿಯಾಗುವುದಿಲ್ಲ, ಅಂಚು ಒರಟಾದ್ದರಿಂದ ಬೇರಿಗೆ ಹಿಡಿತ ಸಿಗುತ್ತದೆ. ಒಂದೇ ಒಂದನ್ನು ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನೇ ಕೊಳ್ಳಿ. ಬೆಲೆ ಜಾಸ್ತಿ, ನಿಜ. ಉತ್ತರ ಕರ್ನಾಟಕದ ತುಂಬಾ ಲಾವಾ ಕಲ್ಲೇ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಬಸಾಲ್ಟ್ ಲಾವಾದಿಂದಲೇ ಆದದ್ದು ಹೌದು. ಆದರೆ ಅದು ಒತ್ತಾದ ಕಲ್ಲು, ಗ್ರಾನೈಟಿಗಿಂತಲೂ ಭಾರ. ಆ ಜಲ್ಲಿ ಈ ಕೆಲಸಕ್ಕೆ ಬಾರದು.

ಲಾವಾ ರಾಕ್ ಎಂದು ಮಾರುವ ಕೆಂಪು–ಕಪ್ಪು ತೂತು ಕಲ್ಲು ಪ್ಯೂಮಿಸ್‌ಗಿಂತ ಭಾರ, ಗಟ್ಟಿಯೂ ಹೌದು. ನೀರು ಹಿಡಿಯುವುದು ಸ್ವಲ್ಪ ಕಡಿಮೆ. ಹೆಚ್ಚಾಗಿ ಅಕ್ವೇರಿಯಂ ಅಂಗಡಿಗಳಲ್ಲಿ ದಪ್ಪ ತುಂಡುಗಳಾಗಿ ಸಿಗುತ್ತದೆ, ಒಡೆಯುವುದು ನಮ್ಮ ಪಾಡು. ಅಂಚು ಚೂಪಾಗಿರುತ್ತದೆ, ಕೈಗವಸು ಹಾಕಿಕೊಳ್ಳಿ.

ಪರ್ಲೈಟ್ ಎಲ್ಲರಿಗೂ ಗೊತ್ತು. ಜ್ವಾಲಾಮುಖಿ ಗಾಜನ್ನು 850–900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಅದು ಅರಳಿನ ಹಾಗೆ ಉಬ್ಬುತ್ತದೆ. ಲೀಟರಿಗೆ ಬರೀ 100 ಗ್ರಾಂ ಆಸುಪಾಸು. ತೀರಾ ಹಗುರ. ಅದೇ ಅದರ ತೊಂದರೆ ಕೂಡ. ಜೋರು ಮಳೆಗೆ ಮೇಲೆ ತೇಲಿ ಬರುತ್ತದೆ, ಗಾಳಿಗೆ ಹಾರುತ್ತದೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಮರವನ್ನು ನೆಟ್ಟಗೆ ನಿಲ್ಲಿಸುವಷ್ಟು ಭಾರವೂ ಇರುವುದಿಲ್ಲ. ಆಷಾಢದ ಗಾಳಿಯಲ್ಲಿ ಬೆಂಗಳೂರಿನ ಮೂರನೇ ಮಹಡಿಯ ಮೇಲೆ ಪರ್ಲೈಟ್ ತುಂಬಿದ ಕುಂಡ ಇಟ್ಟು ನೋಡಿ, ಗೊತ್ತಾಗುತ್ತದೆ. ಬೆಳೆಸುವ ಹಂತದ ಪ್ಲಾಸ್ಟಿಕ್ ಕುಂಡಕ್ಕೆ ನಾಲ್ಕರಲ್ಲಿ ಒಂದು ಪಾಲು ಹಾಕಿ, ತೊಂದರೆ ಇಲ್ಲ. ಪ್ರದರ್ಶನದ ಟ್ರೇಗೆ ಬೇಡ.

ವರ್ಮಿಕ್ಯುಲೈಟ್ ಪರ್ಲೈಟ್ ಪಕ್ಕದಲ್ಲೇ ಇಟ್ಟಿರುತ್ತಾರೆ. ಹಗುರ, ನೀರೂ ಗೊಬ್ಬರವೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಕಾಲ ಹೋದಂತೆ ಅಮುಕಿ ಚಪ್ಪಟೆಯಾಗಿ ಮೆತ್ತಗಾಗುತ್ತದೆ. ಬೀಜ ಮೊಳಕೆಗೆ ಸರಿ, ಎರಡು ವರ್ಷ ಅಲುಗಾಡಿಸದೆ ಬಿಡುವ ಟ್ರೇಗೆ ಸರಿಯಲ್ಲ.

ಲೆಕಾ ಅಥವಾ ಕ್ಲೇ ಬಾಲ್ ಎನ್ನುವ ಕಂದು ಗುಂಡುಗಳು ಸುಮಾರು 1,200 ಡಿಗ್ರಿಯಲ್ಲಿ ಉಬ್ಬಿಸಿ ಸುಟ್ಟ ಜೇಡಿ. ಲೀಟರಿಗೆ 300–450 ಗ್ರಾಂ. ಸಾಮಾನ್ಯವಾಗಿ ಸಿಗುವ ಗಾತ್ರ ನಮಗೆ ತೀರಾ ದೊಡ್ಡದು. ಗುಂಡಗೆ ನುಣ್ಣಗಿರುವುದರಿಂದ ಮರ ನಿಲ್ಲದೆ ಜಾರುತ್ತದೆ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಒಡೆದು ಜರಡಿ ಹಿಡಿದರೆ ಒಳಗಿನ ತೂತು ತೆರೆದುಕೊಂಡು ಒಳ್ಳೆಯ ಹರಳಾಗುತ್ತದೆ. ಅಷ್ಟು ಕಷ್ಟಪಡುವ ತಾಳ್ಮೆ ಇದ್ದರೆ ಸರಿ.

ಇನ್ನು ಅಕಡಾಮ. ಜಪಾನಿನ ಕಾಂತೋ ಪ್ರದೇಶದ, ಜ್ವಾಲಾಮುಖಿ ಬೂದಿಯಿಂದಾದ ಜೇಡಿ ಹರಳಿದು. ಬೋನ್ಸಾಯ್‌ಗೆ ಹೇಳಿ ಮಾಡಿಸಿದ ಹಾಗಿದೆ, ಒಪ್ಪುತ್ತೇನೆ. ಆದರೆ ಅದು ನಿಧಾನವಾಗಿ ಮೆತ್ತಗಾಗಿ ಪುಡಿಯಾಗುತ್ತದೆ, ನಮ್ಮಲ್ಲಿ ವಿಪರೀತ ದುಬಾರಿ ಬೇರೆ. ಜಪಾನಿನವರು ತಮ್ಮ ಊರಿನ ನೆಲದಲ್ಲಿ ಸಿಕ್ಕಿದ್ದನ್ನು ಬಳಸಿದರು. ಅವರ ಮಣ್ಣನ್ನು ತರಿಸುವುದಕ್ಕಿಂತ, ನಮ್ಮ ಕಾಲಬುಡದಲ್ಲಿ ಏನಿದೆ ಎಂದು ನೋಡುವ ಅವರ ಬುದ್ಧಿಯನ್ನು ತಂದುಕೊಳ್ಳುವುದು ಅಗ್ಗ. ತೊಚಿಗಿ ಪ್ರಾಂತ್ಯದ ಕಾನುಮ ಊರಿನ ಹೆಸರಲ್ಲೇ ಮಾರುವ ಹಳದಿ ಹರಳು ಹುಳಿ ಗುಣದ್ದು, ಅಜೇಲಿಯಾಕ್ಕೆ ಬಳಸುತ್ತಾರೆ. ಆಲ, ಹುಣಸೆ ಬೆಳೆಸುವವರಿಗೆ ಅದರ ಗೊಡವೆ ಬೇಡ.

ನಮ್ಮೂರ ಇಟ್ಟಿಗೆ, ಹೆಂಚು

ಕಾಲಬುಡದಲ್ಲಿ ಇರುವುದು ಇಟ್ಟಿಗೆ. ಒಡೆದ ಚೂರು ಲೀಟರಿಗೆ ಹತ್ತಿರ 1 ಕೆ.ಜಿ., ಆದ್ದರಿಂದ ಪ್ಯೂಮಿಸ್‌ನಷ್ಟು ಹಗುರವಲ್ಲ. ಆದರೆ ಮರಳು (ಲೀಟರಿಗೆ ಒಂದೂವರೆ ಕೆ.ಜಿ.) ಅಥವಾ ಬೇಬಿ ಜಲ್ಲಿಗೆ ಹೋಲಿಸಿದರೆ ಎಷ್ಟೋ ವಾಸಿ. ಅವೆರಡೂ ತಮ್ಮೊಳಗೆ ನೀರು ಹಿಡಿಯುವುದೂ ಇಲ್ಲ. ಇಟ್ಟಿಗೆ ತನ್ನ ತೂಕದ 15–20 ಶೇಕಡಾದಷ್ಟು ನೀರು ಕುಡಿಯುತ್ತದೆ.

ಇಟ್ಟಿಗೆಯಲ್ಲೂ ಆರಿಸಬೇಕು. ಎರಡು ಇಟ್ಟಿಗೆ ಒಂದಕ್ಕೊಂದು ತಾಗಿಸಿ. ಠಣ್ ಎಂದರೆ ಚೆನ್ನಾಗಿ ಬೆಂದದ್ದು. ದಬ್ ಎಂದರೆ ಹಸಿ, ನೀರಲ್ಲಿ ಕೆಸರಾಗುತ್ತದೆ. ಕಪ್ಪಾಗಿ ಕರಗಿದ ಹಾಗಿದ್ದರೆ ಬೆಂದದ್ದು ಜಾಸ್ತಿಯಾಗಿದೆ, ನೀರು ಕುಡಿಯುವುದಿಲ್ಲ. ಮೇಲೆ ಒಂದು ಹನಿ ನೀರು ಬಿಡಿ. ಕೆಲವು ಸೆಕೆಂಡಿನಲ್ಲಿ ಇಂಗಬೇಕು. ಆಮೇಲೆ ನಾಲ್ಕು ಚೂರನ್ನು ಲೋಟ ನೀರಲ್ಲಿ ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹೆಬ್ಬೆರಳು–ತೋರುಬೆರಳ ನಡುವೆ ಹಿಡಿದು ಒತ್ತಿ. ಬೆರಳಿಗೆ ತೆಳು ಕೆಂಪು ಹತ್ತಿದರೆ ಪರವಾಗಿಲ್ಲ. ಚೂರೇ ಹಿಟ್ಟಾದರೆ ಆ ಇಟ್ಟಿಗೆ ಬಿಡಿ. ಕೈಯಚ್ಚಿನ ಗೂಡು ಇಟ್ಟಿಗೆ ಸಾಮಾನ್ಯವಾಗಿ ನಮಗೆ ಸರಿಹೋಗುತ್ತದೆ. ಯಂತ್ರದಲ್ಲಿ ಮಾಡಿದ ವೈರ್‌ಕಟ್ ಇಟ್ಟಿಗೆ ಒತ್ತಾಗಿರುವುದರಿಂದ ನೀರು ಹಿಡಿಯುವುದು ಕಡಿಮೆ, ಒಡೆಯುವುದೂ ಕಷ್ಟ.

ಕೆಡವಿದ ಮನೆಯ ಇಟ್ಟಿಗೆ ತಂದರೆ ಗಾರೆ, ಸಿಮೆಂಟ್ ಕೆತ್ತಿ ತೆಗೆಯಿರಿ. ಅನುಮಾನವಿದ್ದರೆ ಚೂರುಗಳ ಮೇಲೆ ಅಡುಗೆಮನೆಯ ವಿನೆಗರ್ ಹಾಕಿ. ಬುರುಬುರು ನೊರೆ ಎದ್ದರೆ ಸುಣ್ಣ ಇದೆ ಎಂದರ್ಥ. ನಮ್ಮ ಬೋರ್‌ವೆಲ್ ನೀರೇ ಎಷ್ಟೋ ಕಡೆ ಗಡಸು. ಅದರ ಮೇಲೆ ಸುಣ್ಣವೂ ಸೇರಿದರೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿಯುತ್ತದೆ.

ಕರಾವಳಿಯವರಿಗೆ ಇನ್ನೊಂದು ಅನುಕೂಲ: ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಆ ಕಡೆ ಹೆಂಚಿಗೆ ಬರವಿಲ್ಲ, ಒಡೆದ ಹೆಂಚಿಗಂತೂ ಇಲ್ಲವೇ ಇಲ್ಲ. ಹದವಾಗಿ ಬೆಂದಿರುತ್ತದೆ, ನೀರನ್ನೂ ಕುಡಿಯುತ್ತದೆ. ಒಂದೇ ತೊಂದರೆ, ಒಡೆದಾಗ ಚಪ್ಪಟೆ ಚಕ್ಕೆಗಳಾಗುತ್ತವೆ. ಚಕ್ಕೆಗಳು ಒಂದರ ಮೇಲೊಂದು ಮಲಗಿ ನೀರಿಗೆ ಅಡ್ಡ ಬರುತ್ತವೆ. ಹಾಗಾಗಿ ಮಿಶ್ರಣದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೇಡ.

ಮುಟ್ಟಬಾರದವೂ ಇವೆ. ಕಟ್ಟಡದ ಜಾಗದಲ್ಲಿ ಬಿದ್ದಿರುವ ಬಿಳಿ ಎಎಸಿ ಬ್ಲಾಕ್ ಹಗುರ, ತೂತು ತೂತು, ಪುಕ್ಕಟೆ. ಆಸೆ ಆಗುವುದು ಸಹಜ. ಆದರೆ ಅದು ಸಿಮೆಂಟ್, ಸುಣ್ಣದಿಂದ ಮಾಡಿದ್ದು. ಬೂದು ಬಣ್ಣದ ಫ್ಲೈ ಆಶ್ ಇಟ್ಟಿಗೆಯದೂ ಅದೇ ಕಥೆ. ಬಾಯ್ಲರ್‌ನ ಕಲ್ಲಿದ್ದಲು ಕಿಟ್ಟದಲ್ಲಿ ಏನು ಉಪ್ಪು ಇದೆಯೋ ಹೇಳಲಾಗದು. ಬೆಕ್ಕಿನ ಲಿಟ್ಟರ್ (ಬೆಕ್ಕಿನ ಮಲಮೂತ್ರಕ್ಕೆಂದು ಹಾಸುವ ಹರಳು) ಬಳಸಿ ಎನ್ನುವ ವಿಡಿಯೋಗಳು ಬೇರೆ ದೇಶದವು. ಅವರು ಹೇಳುವುದು ಡಯಾಟಮೈಟ್ ಎಂಬ ತೂತುಕಲ್ಲಿನ ಲಿಟ್ಟರ್. ಇಲ್ಲಿ ಸಾಮಾನ್ಯವಾಗಿ ಸಿಗುವ ಬೆಂಟೊನೈಟ್ ಜೇಡಿಯ ಲಿಟ್ಟರ್ ನೀರು ಬಿದ್ದೊಡನೆ ಊದಿ ಅಂಟಾಗುತ್ತದೆ.

ಕೊಳ್ಳುವಾಗ ಲೀಟರ್ ಲೆಕ್ಕ

ಕುಂಡ ತುಂಬುವುದು ಲೀಟರಿನಲ್ಲಿ, ಮಾರುವುದು ಕೆ.ಜಿ.ಯಲ್ಲಿ. ಒಂದು ಕೆ.ಜಿ. ಪ್ಯೂಮಿಸ್ ಎಂದರೆ ಒಂದೂವರೆ–ಎರಡು ಲೀಟರ್. ಒಂದು ಕೆ.ಜಿ. ಪರ್ಲೈಟ್ ಎಂದರೆ 8–10 ಲೀಟರ್. ಕೆ.ಜಿ. ಬೆಲೆಯನ್ನೇ ಹೋಲಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಒದ್ದೆ ಇರುವ ಪ್ಯೂಮಿಸ್ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಚೀಲದ ತಳದಲ್ಲಿ ಪುಡಿ ಎಷ್ಟಿದೆ ಎಂದೂ ನೋಡಿ. ಜರಡಿಯಲ್ಲಿ ಕಾಲುಭಾಗ ಹೋಗುವುದಾದರೆ ಅಗ್ಗದ ಚೀಲವೇ ದುಬಾರಿ.

ತೊಳೆದು, ಅಳೆದು ನೋಡಿ

ಒಡೆಯುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ. ಇಟ್ಟಿಗೆ, ಪರ್ಲೈಟ್, ಪ್ಯೂಮಿಸ್ ಎಲ್ಲದರ ದೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು. ಮೊದಲೇ ಸ್ವಲ್ಪ ನೀರು ಚಿಮುಕಿಸಿದರೆ ದೂಳು ಏಳುವುದಿಲ್ಲ. ಆಮೇಲೆ ಬಕೆಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಆ ಕೆಸರು ನೀರನ್ನು ಬಚ್ಚಲಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಂಡರೆ ಪ್ಲಂಬರ್ ಖರ್ಚು ಪ್ಯೂಮಿಸ್‌ಗಿಂತ ಜಾಸ್ತಿ.

ಮಿಶ್ರಣ ಸರಿಯಿದೆಯಾ ಎಂದು ಮನೆಯಲ್ಲೇ ಅಳೆಯಬಹುದು. ನಿಮ್ಮ ಟ್ರೇಯಷ್ಟೇ ಆಳವಿರುವ ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ತೂತು ಮಾಡಿ, ಹೊರಗಿನಿಂದ ಟೇಪ್ ಹಚ್ಚಿ. ನೆನೆಸಿ ಬಸಿದ ಮಿಶ್ರಣ ತುಂಬಿ. ಮೇಲ್ಮಟ್ಟಕ್ಕೆ ಬರುವವರೆಗೆ ನೀರು ಹಾಕಿ. ಈಗ ಟೇಪ್ ಕಿತ್ತು, ಬೀಳುವ ನೀರನ್ನು ಅಳತೆ ಲೋಟದಲ್ಲಿ ಹಿಡಿಯಿರಿ. ಬಿದ್ದ ನೀರಿನ ಜಾಗಕ್ಕೆಲ್ಲ ಈಗ ಗಾಳಿ ಬಂತು ಅಲ್ವಾ? 250ರಿಂದ 350 ಮಿ.ಲೀ. ಬಂದರೆ ನಾನು ಒಪ್ಪುತ್ತೇನೆ. 150ಕ್ಕಿಂತ ಕಡಿಮೆ ಬಂದರೆ ಪುಡಿ ಜಾಸ್ತಿ ಇದೆ, ಮತ್ತೆ ಜರಡಿ ಹಿಡಿಯಿರಿ. 400 ದಾಟಿದರೆ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಎರಡು ಸಲ ನೀರು ಹಾಕಲು ಸಿದ್ಧರಿರಬೇಕು.

ಬಸಿದ ಮೇಲೆ ಅದೇ ಡಬ್ಬಿಯನ್ನು ತಕ್ಕಡಿಗೆ ಇಡಿ. ತಾರಸಿ ಹೊರುವುದು ಈ ಒದ್ದೆ ತೂಕವನ್ನು. ಚೀಲದ ಮೇಲೆ ಬರೆದ ಒಣ ತೂಕವನ್ನು ನೋಡಿ ಲೆಕ್ಕ ಹಾಕಬೇಡಿ.

ಯಾವ ಮರಕ್ಕೆ ಏನು

ಆಲ, ಗೋಣಿ, ಅತ್ತಿ, ಬಸರಿ ಇವೆಲ್ಲ ಗಟ್ಟಿಪಿಂಡಗಳು. ಪ್ಯೂಮಿಸ್ ಎರಡು ಪಾಲು, ಇಟ್ಟಿಗೆ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಅರ್ಧ ಪಾಲು. ಮೊದಲು ಹೇಳಿದ 9 ಲೀಟರ್ ಟ್ರೇಗೆ ಇದು ಒದ್ದೆಯಾಗಿ 10 ಕೆ.ಜಿ. ಆಸುಪಾಸು ಬರುತ್ತದೆ. ದಿನವಿಡೀ ಆಫೀಸಿನಲ್ಲಿರುವವರು ಇಟ್ಟಿಗೆ ಪಾಲು ಸ್ವಲ್ಪ ಏರಿಸಿ.

ಜೇಡ್, ಅಡೀನಿಯಂಗೆ ಪ್ಯೂಮಿಸ್ ಮೂರು, ಇಟ್ಟಿಗೆ ಒಂದು. ಗೊಬ್ಬರ ಬೆರೆಸುವುದೇ ಬೇಡ. ಜುನಿಪರ್, ಸರ್ವೆಗೆ ಪ್ಯೂಮಿಸ್ ಎರಡು, ಲಾವಾ ರಾಕ್ ಒಂದು, ಇಟ್ಟಿಗೆ ಒಂದು. ಕಾಮಿನಿ, ಹುಣಸೆಗೆ ಆಲದ ಮಿಶ್ರಣವೇ ನಡೆಯುತ್ತದೆ.

ಉಡುಪಿ, ಮಂಗಳೂರು, ಮಲೆನಾಡಿನವರು ಈ ಅಳತೆಯನ್ನು ಹಾಗೇ ತೆಗೆದುಕೊಳ್ಳಬೇಡಿ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ಗೊಬ್ಬರದ ಪಾಲು ಪೂರ್ತಿ ಬಿಟ್ಟು, ಸಣ್ಣ ಜರಡಿಯನ್ನು 3 ಮಿ.ಮೀ.ಗೆ ಏರಿಸಿ. ಮಳೆಗಾಲದಲ್ಲಿ ಟ್ರೇಯ ಒಂದು ಬದಿಗೆ ಮರದ ಚೂರು ಕೊಟ್ಟು ಓರೆಯಾಗಿ ಇಡಿ. ಬಳ್ಳಾರಿ, ರಾಯಚೂರಿನ ಬಿಸಿಲಿನವರು ಇದರ ತಿರುಗುಮುರುಗು ಮಾಡಬೇಕು.

ನೆಡುವಾಗ

ಹಗುರ ಹರಳಲ್ಲಿ ಮರ ತಾನಾಗಿ ನಿಲ್ಲುವುದಿಲ್ಲ. ತೂತಿನ ಮೇಲೆ ಬಲೆ ಹಾಕುವಾಗಲೇ ತಳದಿಂದ ಅಲ್ಯೂಮಿನಿಯಂ ತಂತಿ ಏರಿಸಿಕೊಂಡು, ಬೇರಿನ ಬುಡವನ್ನು ಬಿಗಿಯಾಗಿ ಕಟ್ಟಿ. ಕಾಂಡ ಹಿಡಿದು ಅಲ್ಲಾಡಿಸಿದರೆ ಕುಂಡವೂ ಜೊತೆಗೆ ಅಲ್ಲಾಡಬೇಕು. ಮರ ಅಲುಗಿದಷ್ಟೂ ಹೊಸ ಬೇರಿನ ತುದಿ ಮುರಿಯುತ್ತಲೇ ಇರುತ್ತದೆ.

ಹಳೆ ಕೆಂಪು ಮಣ್ಣಿನ ಹೆಂಟೆಯನ್ನು ನಡುವೆ ಹಾಗೇ ಬಿಟ್ಟು ಸುತ್ತ ಪ್ಯೂಮಿಸ್ ತುಂಬುವುದು ಕೆಟ್ಟ ಅಭ್ಯಾಸ. ಒಮ್ಮೆ ಒಣಗಿದ ಹೆಂಟೆಯೊಳಕ್ಕೆ ನೀರು ಹೋಗದೆ ಸುತ್ತಲಿನಿಂದ ಇಳಿದುಹೋಗುತ್ತದೆ. ಆಲದ ಜಾತಿಯವಾದರೆ ಫೆಬ್ರವರಿ–ಮಾರ್ಚ್‌ನಿಂದ ಮುಂಗಾರು ಶುರುವಾಗುವವರೆಗಿನ ಬೆಚ್ಚನೆ ದಿನಗಳಲ್ಲಿ ಮಣ್ಣು ಪೂರ್ತಿ ತೊಳೆದು ನೆಡಬಹುದು. ಜುನಿಪರ್ ಹಾಗೆ ತಡೆಯದು. ಈ ಸಲ ಅರ್ಧ ಭಾಗದ ಮಣ್ಣು, ಮುಂದಿನ ಸಲ ಉಳಿದರ್ಧ.

ಹರಳು ಹಾಕಿದ ಮೇಲೆ ಮುಷ್ಟಿಯಿಂದ ಒತ್ತಬೇಡಿ. ಊಟದ ಕಡ್ಡಿಯಂಥದ್ದರಿಂದ ಬೇರಿನ ಸಂದಿಗೆ ಮೆಲ್ಲಗೆ ಇಳಿಸಿ.

ಆಮೇಲಿನ ಆರೈಕೆ

ಈ ಹರಳುಗಳಲ್ಲಿ ಊಟ ಅನ್ನುವುದು ಇಲ್ಲವೇ ಇಲ್ಲ. ಪ್ಯೂಮಿಸ್, ಪರ್ಲೈಟ್‌ಗಳಿಗೆ ಗೊಬ್ಬರದ ಅಂಶ ಹಿಡಿದಿಡುವ ಶಕ್ತಿಯೂ ಕಡಿಮೆ. ಬೇಕಿದ್ದರೆ ನೂರಕ್ಕೆ ಐದು ಪಾಲು ಜಿಯೊಲೈಟ್ ಎಂಬ ಖನಿಜದ ಹರಳು ಸೇರಿಸಬಹುದು, ಅದು ಹಿಡಿದಿಡುತ್ತದೆ. ಹೊಸ ಚಿಗುರು ಬಂದಮೇಲೆ ತೆಳುವಾದ ದ್ರವಗೊಬ್ಬರ ವಾರ–ಹದಿನೈದು ದಿನಕ್ಕೊಮ್ಮೆ ಕೊಡಿ. ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿಯನ್ನು ಸುಮ್ನೆ ಮೇಲೆ ಉದುರಿಸಬೇಡಿ, ಪುಡಿ ಇಳಿದು ಸಂದಿ ಮುಚ್ಚುತ್ತದೆ. ತೆಳು ಬಟ್ಟೆಯ ಪುಟ್ಟ ಗಂಟು ಕಟ್ಟಿ ಮೇಲಿಡಿ.

ನೀರು ಹಾಕುವುದಾದರೆ ತಳದಿಂದ ಧಾರಾಳವಾಗಿ ಹರಿಯುವಷ್ಟು ಹಾಕಿ. ಬೋರ್‌ವೆಲ್ ನೀರಿನವರು ಇಟ್ಟಿಗೆ ಚೂರಿನ ಮೇಲೆ ಬಿಳಿ ಪಕಳೆ ಕಟ್ಟುವುದನ್ನು ನೋಡುತ್ತೀರಿ. ಅದು ಉಪ್ಪು. ತಿಂಗಳಿಗೊಮ್ಮೆ ಕುಂಡದ ಅಳತೆಯ ಎರಡು–ಮೂರು ಪಟ್ಟು ನೀರು ಹರಿಸಿ ತೊಳೆಯಿರಿ. ಹಿಡಿದಿಟ್ಟ ಮಳೆನೀರಿದ್ದರೆ ಇನ್ನೂ ಒಳ್ಳೆಯದು.

ಎರಡು ವರ್ಷದ ನಂತರ ಕುಂಡ ಬದಲಿಸುವಾಗ ಹಳೆ ಹರಳನ್ನು ಎಸೆಯಬೇಡಿ. ಬೇರು ಹೆಕ್ಕಿ, ತೊಳೆದು, ಎರಡು ದಿನ ಬಿಸಿಲಿಗೆ ಹರಡಿ, 2 ಮಿ.ಮೀ. ಜರಡಿ ಹಿಡಿಯಿರಿ. ಪ್ಯೂಮಿಸ್ ಬಹುಪಾಲು ಹಾಗೇ ವಾಪಸ್ ಸಿಗುತ್ತದೆ. ಇಟ್ಟಿಗೆಯಲ್ಲಿ ಒಂದಷ್ಟು ಪುಡಿಯಾಗಿರುತ್ತದೆ, ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯಿರಿ. ಬೇರು ಕೊಳೆತು ಸತ್ತ ಗಿಡದ ಹರಳಾದರೆ ಮಾತ್ರ ಕುದಿಯುವ ನೀರು ಹೊಯ್ದು ಆರಿಸಿ ಬಳಸಿ.